"ಸರಿಹೋಯ್ತು" ಅಂತ ಬರೆದು ಹೋಗಿಬಿಡಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇದ್ದವು. ಕಂಪ್ಯೂಟರ್ ಕೈಕೊಟ್ಟಾಗ ಗುರುತು ಪರಿಚಯ ಇಲ್ಲದವರನ್ನು ಆನ್‌ಲೈನ್‌ನಲ್ಲಿ ಸಹಾಯ ಕೇಳುವುದು ಹೇಗೆ, ಅವರು ಯಾಕೆ ಹಾಗೆ ಮಾತಾಡುತ್ತಾರೆ, ನಾವು ತಿರುಗಿ ಏನು ಕೊಡಬಹುದು. ಹಾಗಾಗಿ ಅಂಥವನ್ನೇ ಆರಿಸಿಕೊಂಡಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ, ಕೆಲವು ಎರಡು ಮಾತಲ್ಲೇ ಮುಗಿದಿವೆ.

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿ ನಾಲ್ಕು ತಿಂಗಳಾಯಿತು. ಪೈಥಾನ್‌ನಲ್ಲಿ ಒಂದು ಎರರ್ ಬರುತ್ತಿತ್ತು. ಆನ್‌ಲೈನ್ ಗುಂಪೊಂದರಲ್ಲಿ "ನನ್ನ ಕೋಡ್ ಓಡ್ತಿಲ್ಲ, ದಯವಿಟ್ಟು ಸಹಾಯ ಮಾಡಿ, ಅರ್ಜೆಂಟ್" ಅಂತ ಕೇಳಿದೆ. ಒಬ್ಬರು "ಮೊದಲು ಮ್ಯಾನ್ಯುಯಲ್ ಓದು" ಅಂದರು. ಇನ್ನೊಬ್ಬರು "ಇದು ಸಾವಿರ ಸಲ ಬಂದ ಪ್ರಶ್ನೆ" ಅಂದರು. ಆಮೇಲೆ ಪ್ರಶ್ನೆಯನ್ನೇ ಮುಚ್ಚಿಬಿಟ್ಟರು. ಇವರೆಲ್ಲ ಹುಟ್ಟುತ್ತಲೇ ಕಲಿತು ಬಂದವರಾ?
(ಒಬ್ಬ ವಿದ್ಯಾರ್ಥಿನಿ)

ಉತ್ತರ: ಮೊದಲು ಒಂದು ಮಾತು. ಗೊತ್ತಿಲ್ಲ ಅಂತ ಬಂದವರನ್ನು ಗದರಿಸಿ ಕಳಿಸುವುದು ಯಾವ ಕಾಲಕ್ಕೂ ಸರಿಯಲ್ಲ. ನಿಮಗೆ ಬೇಜಾರಾಗಿದ್ದು ನ್ಯಾಯವೇ. ಹುಟ್ಟುತ್ತಲೇ ಕಲಿತವರು ಯಾರೂ ಇಲ್ಲ, ಅವರೂ ಒಂದು ದಿನ ಇದೇ ಎರರ್ ಮುಂದೆ ತಲೆ ಹಿಡಿದುಕೊಂಡು ಕೂತವರೇ. ಆದರೆ ಅವರ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಮುಂದಿನ ಸಲ ನಿಮಗೇ ಅನುಕೂಲ.

ಇದು ಹಳೆಯ ಕಥೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಸೇರಿ ಯೂಸ್‌ನೆಟ್ ಎಂಬ ಚರ್ಚಾಜಾಲದ ಯೋಚನೆ ಮಾಡಿದರು. ಮರುವರ್ಷ ಅದು ಓಡತೊಡಗಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕಾಲೇಜುಗಳು ಶುರುವಾದಾಗ ಹೊಸ ಹುಡುಗರು ಗುಂಪಾಗಿ ಬಂದು ಅವೇ ಪ್ರಶ್ನೆ ಕೇಳುತ್ತಿದ್ದರು, ಒಂದೆರಡು ತಿಂಗಳಲ್ಲಿ ಅಲ್ಲಿನ ರೀತಿ ರಿವಾಜು ಕಲಿತು ಹೊಂದಿಕೊಳ್ಳುತ್ತಿದ್ದರು. 1993ರ ಸುಮಾರಿಗೆ ಮನೆಗಳಿಗೆ ಆನ್‌ಲೈನ್ ಸಂಪರ್ಕ ಕೊಡುವ ಕಂಪನಿಗಳು ತಮ್ಮ ಗ್ರಾಹಕರಿಗೂ ಯೂಸ್‌ನೆಟ್ ತೆರೆದವು. ಅಲ್ಲಿಂದ ಹೊಸಬರು ಬರುವುದು ನಿಲ್ಲಲೇ ಇಲ್ಲ. ಹಳಬರು ಅದಕ್ಕೆ "ಮುಗಿಯದ ಸೆಪ್ಟೆಂಬರ್" ಅಂತ ಹೆಸರಿಟ್ಟರು. ಒಂದು ಪ್ರಶ್ನೆಗೆ ಇನ್ನೂರನೇ ಸಲ ಉತ್ತರ ಬರೆಯುವವರ ಸುಸ್ತು ಆ ಹೆಸರಿನಲ್ಲಿದೆ. ಸಂಬಳ ಇಲ್ಲ, ರಜೆ ಇಲ್ಲ, ಮನೆ ಕೆಲಸ ಮುಗಿಸಿ ಮಲಗುವ ಮುಂಚೆ ಸಿಗುವ ಒಂದು ಗಂಟೆಯಲ್ಲಿ ಬರೆಯುವವರು ಅವರು.

ಈಗ ನಿಮ್ಮ ಪ್ರಶ್ನೆಯನ್ನು ಅವರ ಜಾಗದಲ್ಲಿ ಕೂತು ಓದಿ. "ಕೋಡ್ ಓಡ್ತಿಲ್ಲ." ಯಾವ ಕೋಡ್? ಎರರ್ ಏನಂತ ಬಂತು? ಪೈಥಾನ್‌ನ ಯಾವ ಆವೃತ್ತಿ? ಏನೂ ಇಲ್ಲ. ಉತ್ತರ ಗೊತ್ತಿರುವವರೂ ಉತ್ತರ ಕೊಡಲಾರರು. ಆ "ಅರ್ಜೆಂಟ್" ಪದವನ್ನಂತೂ ತೆಗೆದೇಬಿಡಿ. ಅರ್ಜೆಂಟ್ ನಿಮಗೆ, ಅವರಿಗಲ್ಲ.

ಹೀಗೆ ಮಾಡಿ. ಎರರ್ ಸಂದೇಶವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಠ್ಯವಾಗಿಯೇ ಅಂಟಿಸಿ. ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದು ಹಾಕಬೇಡಿ, ಫೋಟೋದಿಂದ ಕಾಪಿ ಮಾಡಿಕೊಳ್ಳುವುದು ಕಷ್ಟ, ಅದು ಹುಡುಕಾಟದಲ್ಲೂ ಸಿಗುವುದಿಲ್ಲ. ಮುನ್ನೂರು ಸಾಲಿನ ಕೋಡ್ ಹಾಕುವ ಬದಲು, ಅದೇ ತಪ್ಪು ಬರುವ ಹಾಗೆ ಎಷ್ಟು ಚಿಕ್ಕದು ಮಾಡಲು ಆಗುತ್ತದೋ ಅಷ್ಟು ಚಿಕ್ಕದು ಮಾಡಿ, ಹತ್ತು ಸಾಲಿಗೆ ಇಳಿಸಿ ಹಾಕಿ. ಏನಾಗಬೇಕಿತ್ತು, ಏನಾಯಿತು, ನೀವು ಏನೇನು ಮಾಡಿ ನೋಡಿದಿರಿ, ಇಷ್ಟನ್ನೂ ಬರೆಯಿರಿ. ಹೀಗೆ ಬರೆಯುತ್ತಾ ಹೋದರೆ ಎಷ್ಟೋ ಸಲ ಪ್ರಶ್ನೆ ಮುಗಿಯುವ ಮುಂಚೆಯೇ ತಪ್ಪು ಕಣ್ಣಿಗೆ ಬೀಳುತ್ತದೆ. ಪ್ರೋಗ್ರಾಮರ್‌ಗಳು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಕೋಡನ್ನು ಸಾಲುಸಾಲಾಗಿ ವಿವರಿಸುವುದು ಇದೇ ಕಾರಣಕ್ಕೆ. ಗಟ್ಟಿಯಾಗಿ ಹೇಳಿದಾಗ ನಮ್ಮ ತಪ್ಪು ನಮಗೇ ಕೇಳಿಸುತ್ತದೆ.

ಇನ್ನೊಂದು ವಿಷಯ. ನಿಮಗೆ ನಿಜವಾಗಿ ಬೇಕಾದದ್ದನ್ನು ಕೇಳಿ. ಒಬ್ಬರು "ಫೈಲ್ ಹೆಸರಿನ ಕೊನೆಯ ಮೂರು ಅಕ್ಷರ ಓದಿಕೊಳ್ಳುವುದು ಹೇಗೆ" ಅಂತ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಅದು ಯಾವ ಬಗೆಯ ಫೈಲ್ ಅನ್ನುವುದು. ಮೂರು ಅಕ್ಷರ ಓದಿಕೊಳ್ಳುವ ಉತ್ತರ ಸಿಗುತ್ತದೆ, ಅದು "jpeg" ಎಂಬ ನಾಲ್ಕು ಇಂಗ್ಲಿಷ್ ಅಕ್ಷರದ ಬಾಲ ಇರುವ ಮೊದಲ ಫೈಲ್ ಬಂದ ಕೂಡಲೇ ಮುರಿಯುತ್ತದೆ. ತಾವು ಹಿಡಿದ ದಾರಿಯ ಬಗ್ಗೆ ಕೇಳಿ, ಹೋಗಬೇಕಾದ ಊರಿನ ಹೆಸರನ್ನೇ ಹೇಳದೆ ಇರುವ ಈ ತೊಡಕಿಗೆ ತಂತ್ರಜ್ಞರ ನಡುವೆ "ಎಕ್ಸ್‌ವೈ ಸಮಸ್ಯೆ" ಅಂತಲೇ ಹೆಸರಿದೆ.

ಕೊನೆಗೆ, ಉತ್ತರ ಸಿಕ್ಕ ಮೇಲೆ ವಾಪಸ್ ಹೋಗಿ ಅದನ್ನು ಅಲ್ಲೇ ಬರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆ ಅಂದರೆ ಇದರಿಂದ ನಾನು ನೋವು ತಿಂದಿದ್ದೇನೆ. ಕೆಲವು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗಲೆಲ್ಲ ವೈಫೈ ಮಾಯವಾಗುತ್ತಿತ್ತು. ಹುಡುಕಿದೆ. ಅದೇ ಮಾಡೆಲ್, ಅದೇ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್), ಅದೇ ತೊಂದರೆ ಇದ್ದ ಒಬ್ಬರು ಎಲ್ಲ ವಿವರ ಕೊಟ್ಟು ಅಚ್ಚುಕಟ್ಟಾಗಿ ಕೇಳಿದ್ದರು. ಕೆಳಗೆ ಅವರದೇ ಕೊನೆಯ ಸಾಲು: "ಸರಿಹೋಯ್ತು, ಥ್ಯಾಂಕ್ಸ್." ಹೇಗೆ ಸರಿಹೋಯ್ತು? ಒಂದಕ್ಷರ ಇಲ್ಲ. ಎರಡು ರಾತ್ರಿ ಕೂತ ಮೇಲೆ ನನಗೆ ದಾರಿ ಸಿಕ್ಕಿತು, ಯಂತ್ರ ನಿದ್ದೆಯಿಂದ ಎದ್ದ ಕೂಡಲೇ ವೈಫೈ ಡ್ರೈವರನ್ನು (ವೈಫೈ ಭಾಗವನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಬೇಕಿತ್ತು, ಅಷ್ಟೇ. ಎರಡು ಸಾಲಿನ ಕಮ್ಯಾಂಡ್. ಅದನ್ನು ಆ ಪ್ರಶ್ನೆಯ ಕೆಳಗೇ ಬರೆದೆ. ಮೂರು ವರ್ಷ ಆದ ಮೇಲೂ ಯಾರೋ ಬಂದು "ಇದು ನನಗೂ ಕೆಲಸ ಮಾಡಿತು" ಅಂತ ಬರೆದು ಹೋದರು. ಅವರ ಎರಡು ರಾತ್ರಿ ಉಳಿಯಿತಲ್ಲ, ಅದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಪ್ರಶ್ನೆ: ಹ್ಯಾಕರ್ ಅಂದರೆ ಕಳ್ಳ ಅಂತ ನಾನು ತಿಳಿದಿದ್ದೆ. ಆದರೆ ಕೆಲವು ಪ್ರೋಗ್ರಾಮರ್‌ಗಳು ತಮ್ಮನ್ನೇ ಹ್ಯಾಕರ್ ಅಂದುಕೊಳ್ಳುತ್ತಾರಲ್ಲ?

ಉತ್ತರ: ಪದ ಮೊದಲು ಅವರದೇ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಆಟಿಕೆ ರೈಲುಗಳ ಒಂದು ಕ್ಲಬ್ ಇತ್ತು. 1950ರ ದಶಕದ ಕೊನೆಗೆ ಅಲ್ಲಿನ ಹುಡುಗರು ರೈಲಿನ ಸ್ವಿಚ್ಚು ವೈರುಗಳ ಜತೆ ಮಾಡುತ್ತಿದ್ದ ಜಾಣ ಕೈಚಳಕಕ್ಕೆ "ಹ್ಯಾಕ್" ಅನ್ನುತ್ತಿದ್ದರು. ಅವರೇ ಮುಂದೆ ಅಲ್ಲಿನ ಕಂಪ್ಯೂಟರ್‌ಗಳಿಗೆ ಅಂಟಿಕೊಂಡರು, ಪದವೂ ಜತೆಗೆ ಬಂತು. ಒಂದು ಯಂತ್ರ ಹೇಗೆ ನಡೆಯುತ್ತದೆ ಅಂತ ಬಿಚ್ಚಿ ನೋಡದೆ ಇರಲಾರದವರು, ಅದೇ ಹಳೆಯ ಅರ್ಥ. 1980ರ ದಶಕದಲ್ಲಿ ಕಂಪ್ಯೂಟರ್‌ಗೆ ಕದ್ದು ನುಗ್ಗುವವರಿಗೆ ಪತ್ರಿಕೆಗಳು ಇದೇ ಪದ ಬಳಸಿದವು. ಕದಿಯುವವರನ್ನು "ಕ್ರ್ಯಾಕರ್" ಅನ್ನಿ ಅಂತ ಹಳಬರು ಎಷ್ಟು ಕೇಳಿಕೊಂಡರೂ ಅದು ಜನರ ಬಾಯಿಗೆ ಬರಲಿಲ್ಲ. ಈಗ ಎರಡೂ ಅರ್ಥ ಇವೆ, ಯಾರು ಯಾರ ಬಗ್ಗೆ ಹೇಳುತ್ತಿದ್ದಾರೆ ನೋಡಿ ತಿಳಿದುಕೊಳ್ಳಬೇಕು.

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಆಗುವುದಿಲ್ಲ ಅನ್ನುತ್ತಿದೆ. ಲಿನಕ್ಸ್ ಹಾಕೋಣ ಅಂತ ಯಾವ ಲಿನಕ್ಸ್ ಒಳ್ಳೆಯದು ಅಂತ ಕೇಳಿದೆ. ಹದಿನೈದು ಜನ ಹದಿನೈದು ಹೆಸರು ಹೇಳಿದರು, ಆಮೇಲೆ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ನಾನು ಸುಮ್ಮನಾಗಿಬಿಟ್ಟೆ. ಈಗ ಏನು ಮಾಡಲಿ?

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಹಾಗಾಗಿ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಸುಮ್ನೆ ಮೂಲೆ ಸೇರುತ್ತಿವೆ. ನಿಮ್ಮದನ್ನು ಉಳಿಸಿಕೊಳ್ಳಬೇಕು ಅಂದುಕೊಂಡಿರಲ್ಲ, ಅದೇ ಸಂತೋಷ.

ಹೊಸಬರಾದರೆ ಲಿನಕ್ಸ್ ಮಿಂಟ್ ಹಾಕಿ. ಜಗಳಕ್ಕೆ ಇನ್ನೊಂದು ಹೆಸರು ಸೇರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಮೆನು, ಕೆಳಗಿನ ಪಟ್ಟಿ, ಕಿಟಕಿಗಳು ಎಲ್ಲ ನಿಮಗೆ ಗೊತ್ತಿರುವ ಜಾಗದಲ್ಲೇ ಇರುತ್ತವೆ, ಮತ್ತು ಅದು ಉಬುಂಟು ಎಂಬ ಇನ್ನೊಂದು ಲಿನಕ್ಸ್ ಮೇಲೆ ನಿಂತಿರುವುದರಿಂದ ಉಬುಂಟುಗೆ ಬರೆದಿಟ್ಟ ಬಹಳಷ್ಟು ಪರಿಹಾರಗಳು ನಿಮಗೂ ಆಗುತ್ತವೆ. ಯಾವ ಲಿನಕ್ಸ್ ಅನ್ನುವುದಕ್ಕಿಂತ ಅದರ ಬಗ್ಗೆ ಎಷ್ಟು ಜನ ಬರೆದಿಟ್ಟಿದ್ದಾರೆ ಅನ್ನುವುದು ಮುಖ್ಯ ಅಂತ ನನ್ನ ಅಭಿಪ್ರಾಯ. ಮೊದಲು ನಿಮ್ಮ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಪೆನ್‌ಡ್ರೈವ್‌ಗೆ ಮಿಂಟ್ ಬರೆದು ಅದರಿಂದಲೇ ಯಂತ್ರ ಶುರುಮಾಡಿ. ಒಳಗಿನ ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ, ಕ್ಯಾಮೆರಾ ಕೆಲಸ ಮಾಡುತ್ತವಾ ನೋಡಬಹುದು. ಎಲ್ಲ ಸರಿ ಇದ್ದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್.ಎಸ್.ಡಿ. (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಯಾವ ಲಿನಕ್ಸ್ ಹಾಕಿದರೂ ಆಗದ ವ್ಯತ್ಯಾಸ ಅದೊಂದರಿಂದ ಆಗುತ್ತದೆ.

ಜಗಳದ ವಿಷಯಕ್ಕೆ ಬೇಸರ ಬೇಡ. ಲಿನಕ್ಸ್ ಶುರುವಾಗಿದ್ದೇ ಒಂದು ಪತ್ರದಿಂದ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಯೂಸ್‌ನೆಟ್‌ನಲ್ಲಿ, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ, ದೊಡ್ಡದೇನಲ್ಲ, ನಿಮಗೆ ಏನೇನು ಬೇಕು ಹೇಳಿ ಅಂತ ಕೇಳಿದ್ದರು. ಯಾರು ಬೇಕಾದರೂ ಬದಲಿಸಬಹುದು ಅಂದಾಗ ನೂರು ಬಗೆ ಹುಟ್ಟುವುದು ಸಹಜ. ಒಬ್ಬೊಬ್ಬರೂ ತಮ್ಮದನ್ನು ರಾತ್ರಿಗಟ್ಟಲೆ ಕೂತು ಒಗ್ಗಿಸಿಕೊಂಡಿರುತ್ತಾರೆ, ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಆ ಪ್ರೀತಿಯನ್ನು ದಾರಿ ಕೇಳಲು ಬಂದ ಹೊಸಬರ ಮುಂದೆ ಜಗಳವಾಗಿ ಹಾಕಬಾರದು. ಒಂದು ಹೆಸರು ಹೇಳಿ, ಯಾಕೆ ಅಂತ ಒಂದು ಸಾಲು ಹೇಳಿ, ಅಲ್ಲಿಗೆ ನಿಲ್ಲಿಸಬೇಕು.

ಪ್ರಶ್ನೆ: ಒಂದು ಹಳೆಯ ಸಾಫ್ಟ್‌ವೇರ್ ಸರಿಮಾಡಲು ಐದು ವರ್ಷದ ಹಿಂದೆ ಓದಿದ್ದ ಪುಟ ಹುಡುಕಿದೆ, ಅದೇ ಇಲ್ಲ. ಹೊಸದಾಗಿ ಹುಡುಕಿದರೆ ಏನೂ ಸಿಗುತ್ತಿಲ್ಲ, ಎಲ್ಲರೂ "ನಮ್ಮ ಚಾಟ್ ಗುಂಪಿಗೆ ಬನ್ನಿ" ಅನ್ನುತ್ತಾರೆ. ಮೊದಲು ಹೀಗಿರಲಿಲ್ಲ ಅಲ್ವಾ?

ಉತ್ತರ: ನಿಮ್ಮ ಅನುಮಾನ ಸರಿ. ಇದು ನನ್ನನ್ನು ಬಹಳ ಕಾಡುವ ವಿಷಯ.

ಮೊದಲು ಪ್ರಶ್ನೋತ್ತರ ನಡೆಯುತ್ತಿದ್ದದ್ದು ಹೆಚ್ಚಾಗಿ ತೆರೆದ ಜಾಗದಲ್ಲಿ. ಮೇಲಿಂಗ್ ಲಿಸ್ಟ್ (ಗುಂಪಿನವರಿಗೆಲ್ಲ ಹೋಗುವ ಇಮೇಲ್ ಪಟ್ಟಿ) ಆಗಲಿ, ಫೋರಂ ಆಗಲಿ, ಸೇರದೆಯೇ ಯಾರು ಬೇಕಾದರೂ ಓದಬಹುದಿತ್ತು, ಸರ್ಚ್ ಎಂಜಿನ್‌ಗೂ ಕಾಣುತ್ತಿತ್ತು. ಈಗ ಬಹಳಷ್ಟು ಪ್ರಾಜೆಕ್ಟ್‌ಗಳ ಮಾತುಕತೆ ಡಿಸ್ಕಾರ್ಡ್, ಟೆಲಿಗ್ರಾಂ, ಸ್ಲ್ಯಾಕ್ ತರಹದ ಚಾಟ್ ಕೋಣೆಗಳಿಗೆ ಹೋಗಿದೆ. ಅಲ್ಲಿ ಉತ್ತರ ಬೇಗ ಸಿಗುತ್ತದೆ, ಮಾತು ಬೆಚ್ಚಗಿರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ಮಧ್ಯಾಹ್ನ ಒಬ್ಬರು ಕೊಟ್ಟ ಚಿನ್ನದಂಥ ಉತ್ತರ ಸಂಜೆಯೊಳಗೆ ಐನೂರು ಸಂದೇಶಗಳ ಕೆಳಗೆ ಹೋಗಿರುತ್ತದೆ. ಗುಂಪಿನ ಹೊರಗಿನವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಾಳೆ ಇನ್ನೊಬ್ಬರು ಅದನ್ನೇ ಕೇಳುತ್ತಾರೆ, ಅದೇ ಮನುಷ್ಯ ಮತ್ತೆ ಉತ್ತರಿಸುತ್ತಾನೆ, ಒಂದು ದಿನ ಸುಸ್ತಾಗಿ ಬಿಟ್ಟುಹೋಗುತ್ತಾನೆ.

ಪುಟಗಳು ಅಳಿಯುವುದೂ ಹೊಸದಲ್ಲ. 1990ರ ದಶಕದಲ್ಲಿ ಸಾಮಾನ್ಯ ಜನ ತಮ್ಮದೇ ಪುಟ ಕಟ್ಟಿಕೊಂಡ ಜಿಯೋಸಿಟೀಸ್ ತಾಣವನ್ನು ಯಾಹೂ 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ಲಕ್ಷಗಟ್ಟಲೆ ಪುಟ. ಆಗ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲೂ ರಾತ್ರಿ ಡೌನ್‌ಲೋಡ್ ಮಾಡಿ, ಆದಷ್ಟನ್ನು ಉಳಿಸಿತು. ಬ್ರೂಸ್ಟರ್ ಕೇಲ್ 1996ರಲ್ಲಿ ಶುರುಮಾಡಿದ ಇಂಟರ್‌ನೆಟ್ ಆರ್ಕೈವ್ ಇದನ್ನೇ ದಿನವೂ ಮಾಡುತ್ತಿದೆ. ನಿಮ್ಮ ಕಳೆದುಹೋದ ಪುಟದ ವಿಳಾಸ ನೆನಪಿದ್ದರೆ, ಅಥವಾ ಹಳೆಯ ಬುಕ್‌ಮಾರ್ಕ್‌ನಲ್ಲಿ ಸಿಕ್ಕರೆ, ಅವರ ವೇಬ್ಯಾಕ್ ಮೆಷೀನ್‌ನಲ್ಲಿ ಹಾಕಿ ನೋಡಿ. ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಇನ್ನು ಮುಂದೆ ನಿಮಗೆ ಉಪಯೋಗ ಆದ ಪುಟ ಕಂಡಾಗ ಅಲ್ಲೇ "ಈ ಪುಟ ಉಳಿಸಿ" ಅಂತ ಕೊಟ್ಟುಬಿಡಿ, ಅರ್ಧ ನಿಮಿಷದ ಕೆಲಸ.

ನನಗೆ ಬಹಳ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. ಈಗ ನಾವೆಲ್ಲ ಬಳಸುವ ಎಮೋಜಿಗಳಿಗೂ ಮುಂಚೆ, ಚುಕ್ಕಿ ಗೆರೆಗಳ ನಗುಮುಖ :-) ಇತ್ತಲ್ಲ, ಅದನ್ನು ತಮಾಷೆಯ ಗುರುತಾಗಿ ಬಳಸೋಣ ಅಂತ 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಅಲ್ಲಿನ ಆನ್‌ಲೈನ್ ಬೋರ್ಡ್‌ನಲ್ಲಿ ಬರೆದರು. ಯಾರು ನಿಜಕ್ಕೆ ಹೇಳಿದ್ದು, ಯಾರು ತಮಾಷೆಗೆ ಹೇಳಿದ್ದು ಅಂತ ಗೊತ್ತಾಗದೆ ಗೊಂದಲ ಆಗುತ್ತಿತ್ತು, ಅದಕ್ಕೆ. ಆ ಸಂದೇಶ ಎಷ್ಟೋ ವರ್ಷ ಕಳೆದೇ ಹೋಗಿತ್ತು. 2002ರಲ್ಲಿ ಕೆಲವರು ಪಟ್ಟುಹಿಡಿದು ಹಳೆಯ ಬ್ಯಾಕಪ್ ಟೇಪುಗಳನ್ನು ಹುಡುಕಿ, ಅವನ್ನು ಓದಬಲ್ಲ ಯಂತ್ರ ಹೊಂದಿಸಿ, ಅದನ್ನು ಹೊರತೆಗೆದರು. ಇಪ್ಪತ್ತು ವರ್ಷ ಆ ಟೇಪನ್ನು ಯಾರೂ ಬಿಸಾಡಲಿಲ್ಲ ಅನ್ನುವುದೇ ದೊಡ್ಡದು. ಇವತ್ತಿನ ಚಾಟ್ ಕೋಣೆಯ ಮಾತನ್ನು ಇಪ್ಪತ್ತು ವರ್ಷದ ಮೇಲೆ ಯಾವ ಟೇಪಿನಿಂದ ತೆಗೆಯುತ್ತೀರಿ?

ನೀವು ಯಾವುದಾದರೂ ಗುಂಪು ನಡೆಸುವವರಾಗಿದ್ದರೆ ಒಂದು ಕೆಲಸ ಮಾಡಿ. ಚಾಟ್ ಇರಲಿ. ವಾರಕ್ಕೊಮ್ಮೆ ಒಬ್ಬರು ಕೂತು ಆ ವಾರದ ಒಳ್ಳೆಯ ಉತ್ತರಗಳನ್ನು ತೆರೆದ ವಿಕಿ ಪುಟಕ್ಕೆ ಸಾಗಿಸಲಿ.

ಪ್ರಶ್ನೆ: ವಿಮ್ ಎಂಬ, ಪಠ್ಯ ಬರೆದು ತಿದ್ದುವ ಪ್ರೋಗ್ರಾಂ ತೆರೆದೆ, ಹೊರಗೆ ಬರಲು ಆಗಲಿಲ್ಲ. ಯಂತ್ರವನ್ನೇ ಆಫ್ ಮಾಡಿದೆ. ನಾಚಿಕೆ ಆಗುತ್ತಿದೆ.

ಉತ್ತರ: ನಾಚಿಕೆ ಬೇಡ. ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣದಲ್ಲಿ ಇದೇ ಪ್ರಶ್ನೆಯನ್ನು 2017ರ ಹೊತ್ತಿಗೇ ಹತ್ತು ಲಕ್ಷಕ್ಕಿಂತ ಜಾಸ್ತಿ ಸಲ ಜನ ತೆರೆದು ನೋಡಿದ್ದರು. ಎಸ್ಕೇಪ್ ಕೀ ಒತ್ತಿ, ಕೋಲನ್ (:) ಒತ್ತಿ, ಕ್ಯೂ ಮತ್ತು ಆಶ್ಚರ್ಯ ಚಿಹ್ನೆ ಒತ್ತಿ, ಎಂಟರ್ ಕೊಡಿ. ಬದಲಾವಣೆ ಉಳಿಸದೆ ಹೊರಗೆ ಬರುತ್ತೀರಿ. ಉಳಿಸಬೇಕಾದರೆ ಕೋಲನ್ ಆದ ಮೇಲೆ ಡಬ್ಲ್ಯೂ, ಕ್ಯೂ. ಅದರಲ್ಲಿ ಓಡಾಡಲು ಎಚ್, ಜೆ, ಕೆ, ಎಲ್ ಕೀಗಳು ಯಾಕೆ ಅಂತ ಆಶ್ಚರ್ಯ ಆಗಿರಬಹುದು. 1976ರಲ್ಲಿ ಬಿಲ್ ಜಾಯ್ ಇದರ ಮೂಲವಾದ ವಿ.ಐ. ಬರೆಯಲು ಶುರುಮಾಡಿದರು. ಅವರು ಬಳಸುತ್ತಿದ್ದ ಎ.ಡಿ.ಎಂ.-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಗಳ ಮೇಲೇ ಅಚ್ಚಾಗಿದ್ದವು.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಶಾಲೆಯಲ್ಲಿ ಗೆಳೆಯರು ಕಡಿಮೆ. ರಾತ್ರಿಯೆಲ್ಲ ಆನ್‌ಲೈನ್ ಗೆಳೆಯರ ಜತೆ ಪ್ರೋಗ್ರಾಂ, ಕೀಬೋರ್ಡ್, ಸರ್ವರ್ ಅಂತ ಮಾತು. ಅವರ ಮುಖ ಕೂಡ ನೋಡಿಲ್ಲವಂತೆ. ಇದನ್ನು ಗೆಳೆತನ ಅನ್ನಬಹುದಾ? ಬಿಡಿಸಬೇಕಾ?
(ಒಬ್ಬ ತಾಯಿ)

ಉತ್ತರ: ಅಮ್ಮಾ, ಗೆಳೆತನ ಅನ್ನಬಹುದು. 1988ರಲ್ಲಿ ಫಿನ್ಲೆಂಡ್‌ನಲ್ಲಿ ಐ.ಆರ್.ಸಿ. ಎಂಬ ಚಾಟ್ ವ್ಯವಸ್ಥೆ ಹುಟ್ಟಿದಾಗಿನಿಂದಲೂ, ತಮ್ಮ ಸುತ್ತ ಯಾರಿಗೂ ಇಷ್ಟವಿಲ್ಲದ ವಿಷಯ ಇಷ್ಟಪಡುವ ಮಕ್ಕಳು ಹೀಗೇ ತಮ್ಮಂಥವರನ್ನು ಹುಡುಕಿಕೊಂಡಿದ್ದಾರೆ. ತರಗತಿಯಲ್ಲಿ ಒಬ್ಬನೇ ಇರುವ ಹುಡುಗನಿಗೆ, ತಾನು ಬರೆದ ಪ್ರೋಗ್ರಾಂ ನೋಡಿ "ಇದು ಹೇಗೆ ಮಾಡಿದೆ?" ಅಂತ ಕೇಳುವ ಒಬ್ಬ ಸಿಕ್ಕರೆ ಅದು ಸಣ್ಣ ವಿಷಯವಲ್ಲ. ಒಂದೇ ಸಲಕ್ಕೆ ಬಿಡಿಸಬೇಡಿ. ಬಿಡಿಸಿದರೆ ಅವನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾನೆ.

ಅವನ ಪಕ್ಕ ಕೂತು "ಏನು ಮಾಡ್ತಿದ್ದೀಯಪ್ಪಾ, ನನಗೂ ತೋರಿಸು" ಅನ್ನಿ. ಅರ್ಥ ಆಗದಿದ್ದರೂ ಪರವಾಗಿಲ್ಲ. ಯಾರ ಜತೆ, ಯಾವ ಗುಂಪಿನಲ್ಲಿ ಅಂತ ಮಾತಿನ ನಡುವೆಯೇ ಗೊತ್ತಾಗುತ್ತದೆ.

ಆದರೆ ಕೆಲವು ವಿಷಯಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲಿ. ದೊಡ್ಡ ವಯಸ್ಸಿನ ಯಾರಾದರೂ ಅವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದು ಗುಟ್ಟಾಗಿ ಮಾತಾಡುವುದು, "ಮನೇಲಿ ಹೇಳಬೇಡ" ಅನ್ನುವುದು, ಫೋಟೋ ಅಥವಾ ದುಡ್ಡು ಕೇಳುವುದು, ಬೇರೆಯವರ ಖಾತೆಗೋ ಕಂಪ್ಯೂಟರ್‌ಗೋ ನುಗ್ಗಿ ತೋರಿಸು ಅಂತ ಕೆಣಕುವುದು. ಇವು ಕಂಡರೆ ಅಲ್ಲಿಗೆ ಮುಗಿಯಿತು. ಕೊನೆಯದ್ದನ್ನು ಅವನಿಗೆ ಬಿಡಿಸಿ ಹೇಳಿ, ಅನುಮತಿ ಇಲ್ಲದೆ ಇನ್ನೊಬ್ಬರ ಯಂತ್ರಕ್ಕೆ ನುಗ್ಗುವುದು ಆಟಕ್ಕಾದರೂ ಅಪರಾಧವೇ. ಮನೆ ವಿಳಾಸ, ಶಾಲೆ ಹೆಸರು ಎಲ್ಲೂ ಹಾಕದಿರಲಿ. ಇನ್ನು ನಿದ್ದೆ. ಗೆಳೆಯರು ಬೇರೆ ಬೇರೆ ದೇಶದವರಾದರೆ ಅವರ ಹಗಲು ಇವನ ರಾತ್ರಿ ಆಗಿರುತ್ತದೆ, ಜಗಳ ಮಾಡದೆ ಇಷ್ಟು ಗಂಟೆ ಅಂತ ಇಬ್ಬರೂ ಕೂತು ಒಪ್ಪಿಕೊಳ್ಳಿ.

ಪ್ರಶ್ನೆ: ಓಪನ್ ಸೋರ್ಸ್‌ಗೆ (ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾದ ಸಾಫ್ಟ್‌ವೇರ್‌ಗೆ) ಏನಾದರೂ ಮಾಡಬೇಕು ಅಂತ ಆಸೆ. ಆದರೆ ನನಗೆ ಕೋಡ್ ಅಷ್ಟಾಗಿ ಬರುವುದಿಲ್ಲ. ನಾನೇನು ಮಾಡಲು ಸಾಧ್ಯ?

ಉತ್ತರ: ಬಹಳ ಇದೆ. ಅದಕ್ಕೆ ಮುಂಚೆ ಒಂದು ಕಥೆ, ಇದನ್ನು ಪ್ರತಿಯೊಬ್ಬರೂ ತಿಳಿದಿರಬೇಕು ಅಂತ ನನಗನಿಸುತ್ತದೆ.

ಎಕ್ಸ್‌ಜೆಡ್ ಅಂತ ಒಂದು ಪುಟ್ಟ ಸಾಫ್ಟ್‌ವೇರ್. ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಅದರ ಹೆಸರು ಕೇಳಿದವರು ಕಡಿಮೆ, ಆದರೆ ಹೆಚ್ಚು ಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಅದು ಕೂತಿದೆ. ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ಲಾಸ್ಸೆ ಕೊಲಿನ್ ಎಂಬ ಒಬ್ಬರು, ಸಂಬಳ ಇಲ್ಲದೆ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ಖಾತೆ ಬಂದು ಸಣ್ಣಪುಟ್ಟ ಸಹಾಯ ಮಾಡತೊಡಗಿತು. 2022ರಲ್ಲಿ ಇನ್ನೂ ಒಂದೆರಡು ಅಪರಿಚಿತ ಖಾತೆಗಳು ಕೊಲಿನ್ ಅವರ ಬೆನ್ನು ಬಿದ್ದವು: ಕೆಲಸ ಯಾಕೆ ಇಷ್ಟು ನಿಧಾನ, ಆಗದಿದ್ದರೆ ಬೇರೆಯವರಿಗೆ ಕೊಡಿ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ದುಡ್ಡಿಲ್ಲದೆ ಹವ್ಯಾಸಕ್ಕೆ ಮಾಡುವ ಕೆಲಸ ಅಂತ ಅವರು ತೆರೆದು ಹೇಳಿಕೊಂಡರು. ಆದರೂ ಒತ್ತಡ ನಿಲ್ಲಲಿಲ್ಲ. ಕೊನೆಗೆ ಆ ಸಹಾಯಕನಿಗೆ ಅಧಿಕಾರ ಸಿಕ್ಕಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅವನು ಹಿಂಬಾಗಿಲು ಇಟ್ಟಿದ್ದ. ಅದು ಎಲ್ಲ ಕಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಅವನು ಕೀಲಿ ಇಲ್ಲದೆ ಹೋಗಬಹುದಿತ್ತು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನನ್ನೋ ಪರೀಕ್ಷೆ ಮಾಡುತ್ತಿದ್ದರು. ಯಂತ್ರಕ್ಕೆ ಲಾಗಿನ್ ಆಗಲು ಯಾವಾಗಲೂ ಆಗುವುದಕ್ಕಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನಿಸಿತು. ಅರ್ಧ ಸೆಕೆಂಡ್! ನಾವಾದರೆ ಗಮನಿಸುತ್ತಲೇ ಇರಲಿಲ್ಲ. ಅವರು ಬಿಡಲಿಲ್ಲ. ಬೇರು ಹುಡುಕಿಕೊಂಡು ಹೋಗಿ, 2024ರ ಮಾರ್ಚ್ 29ರಂದು ತಾವು ಕಂಡದ್ದನ್ನೆಲ್ಲ ತೆರೆದ ಮೇಲಿಂಗ್ ಲಿಸ್ಟ್‌ನಲ್ಲಿ ಬರೆದರು.

ಈ ಕಥೆ ಕೇಳಿದಾಗ ಹೆಚ್ಚಿನವರು ಆ ಹಿಂಬಾಗಿಲಿನ ಚಾಲಾಕಿತನದ ಬಗ್ಗೆ ಮಾತಾಡುತ್ತಾರೆ. ನನಗೆ ಮರೆಯಲಾಗದ್ದು ಸುಸ್ತಾದ ಒಬ್ಬ ಮನುಷ್ಯನ ಜತೆ ಯಾರೂ ಇರಲಿಲ್ಲ ಅನ್ನುವುದು. ಸಹಾಯ ಮಾಡುತ್ತೇನೆ ಅಂತ ಬಂದವನು ಒಬ್ಬನೇ, ಅವನೂ ವೈರಿ.

ಈಗ ನಿಮ್ಮ ಪ್ರಶ್ನೆ. ನೀವು ದಿನಾ ಬಳಸುವ ಒಂದು ಸಾಫ್ಟ್‌ವೇರ್ ಆರಿಸಿಕೊಳ್ಳಿ. ಅದರ ದೋಷಗಳ ಪಟ್ಟಿ ತೆರೆಯಿರಿ. ಯಾರೋ "ಹೀಗಾಗುತ್ತಿದೆ" ಅಂತ ಬರೆದಿರುತ್ತಾರೆ, ನಿಮ್ಮ ಯಂತ್ರದಲ್ಲೂ ಹಾಗಾಗುತ್ತದಾ ಅಂತ ಮಾಡಿ ನೋಡಿ, ಹಾಗಾಗುವುದಾದರೆ ಯಾವ ಯಾವ ಹೆಜ್ಜೆಗೆ ಆಯಿತು ಅಂತ ಬರೆಯಿರಿ. ಇದೊಂದರಿಂದಲೇ ಕೋಡ್ ಬರೆಯುವವರ ಗಂಟೆಗಟ್ಟಲೆ ಕೆಲಸ ಉಳಿಯುತ್ತದೆ. ಇನ್‌ಸ್ಟಾಲ್ ಮಾಡುವ ಸೂಚನೆಗಳನ್ನು ಹೊಸಬರ ಕಣ್ಣಿನಿಂದ ಓದಿ, ಎಲ್ಲಿ ಎಡವಿದಿರೋ ಅಲ್ಲಿ ಒಂದು ಸಾಲು ಸೇರಿಸಿ. ಹಳಬರಿಗೆ ಆ ತಗ್ಗು ಕಾಣುವುದೇ ಇಲ್ಲ, ಅವರು ದಾಟಿ ಎಷ್ಟೋ ವರ್ಷ ಆಗಿರುತ್ತದೆ. ನಿಮ್ಮ ಭಾಷೆಗೆ ಮೆನುಗಳನ್ನು ಅನುವಾದಿಸಿ. ಹೊಸಬರ ಪ್ರಶ್ನೆಗೆ, ನಿಮಗೆ ಗೊತ್ತಿದ್ದಷ್ಟು, ಸಮಾಧಾನದಿಂದ ಉತ್ತರಿಸಿ.

ಏನೂ ಆಗದಿದ್ದರೆ ನೋಡಿಕೊಳ್ಳುವವರಿಗೆ ಒಂದು ಪತ್ರ ಬರೆಯಿರಿ: ನಿಮ್ಮ ಸಾಫ್ಟ್‌ವೇರನ್ನು ಇಂಥ ಕೆಲಸಕ್ಕೆ ಬಳಸುತ್ತೇನೆ, ಬಹಳ ಉಪಕಾರ ಆಗಿದೆ. ಅವರಿಗೆ ಬರುವ ಪತ್ರಗಳಲ್ಲಿ ಬಹಳಷ್ಟು ದೂರುಗಳೇ. ಚೆನ್ನಾಗಿ ಓಡುತ್ತಿದ್ದರೆ ಯಾರೂ ಬರೆಯುವುದಿಲ್ಲವಲ್ಲ.

ಪ್ರಶ್ನೆ: ಲಿನಕ್ಸ್‌ನಲ್ಲಿ ನನ್ನ ಪ್ರಿಂಟರ್ ಪ್ರತಿ ಪುಟದ ಜತೆ ಒಂದು ಖಾಲಿ ಪುಟ ಉಗುಳುತ್ತಿತ್ತು. ಯಾರನ್ನೂ ಕೇಳದೆ ಎ.ಐ. ಚಾಟ್‌ಬಾಟ್ ಜತೆ ಮೂರು ಗಂಟೆ ಕೂತು ಸರಿಮಾಡಿದೆ. ಅದು ಗದರಲಿಲ್ಲ, "ಹುಡುಕಿ ನೋಡು" ಅನ್ನಲಿಲ್ಲ. ಇನ್ನು ಮನುಷ್ಯರನ್ನು ಕೇಳುವ ಅಗತ್ಯ ಏನಿದೆ?

ಉತ್ತರ: ಗದರದೆ ಉತ್ತರಿಸುವುದು ದೊಡ್ಡ ಗುಣ. ಅದನ್ನು ಮನುಷ್ಯರು ನೋಡಿ ಕಲಿಯಬೇಕಾದ್ದೇ. ನಾನೂ ಬಳಸುತ್ತೇನೆ, ಬಳಸಿ.

ಆದರೆ ಎರಡು ಎಚ್ಚರ. ಅದು ಕೊಟ್ಟ ಕಮ್ಯಾಂಡ್ ಏನು ಮಾಡುತ್ತದೆ ಅಂತ ತಿಳಿಯದೆ ಓಡಿಸಬೇಡಿ, ಅದರಲ್ಲೂ ಸುಡೋ (ಯಂತ್ರದ ಪೂರ್ತಿ ಅಧಿಕಾರ ಕೊಡುವ ಪದ) ಅಂತ ಶುರುವಾಗುವುದನ್ನು. ಅದು ಇಲ್ಲದ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ) ಹೆಸರನ್ನು ಇದೆ ಅಂತಲೇ ನಂಬುವ ಹಾಗೆ ಹೇಳುವುದುಂಟು. ಎರಡನೆಯದು, ಅದು ಕೊಟ್ಟ ಉತ್ತರವನ್ನು ಪರೀಕ್ಷೆ ಮಾಡದೆ ನಿಮ್ಮದೇ ಅಂತ ಬೇರೆಯವರಿಗೆ ಕೊಡಬೇಡಿ. ನೋಡಲು ಸರಿಯಾಗಿದ್ದು ಒಳಗೆ ತಪ್ಪಿರುವ ಉತ್ತರಗಳ ಹೊಳೆ ಹರಿದದ್ದರಿಂದಲೇ 2022ರ ಡಿಸೆಂಬರ್‌ನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಚಾಟ್‌ಜಿಪಿಟಿ ಬರೆದ ಉತ್ತರ ಹಾಕುವುದನ್ನು ತಡೆಯಿತು. ಲೆಕ್ಕವಿಲ್ಲದಷ್ಟು ಸಾಧನಗಳಲ್ಲಿರುವ ಕರ್ಲ್ ಎಂಬ ಸಾಫ್ಟ್‌ವೇರ್ ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್, ಎ.ಐ. ಹೆಣೆದ ಸುಳ್ಳು ಭದ್ರತಾ ದೂರುಗಳು ತಮ್ಮ ಸಮಯ ತಿನ್ನುತ್ತಿವೆ ಅಂತ 2024ರಿಂದಲೇ ಬರೆಯುತ್ತಾ ಬಂದಿದ್ದಾರೆ. ಒಂದೊಂದು ದೂರನ್ನೂ ಅವರು ನಿಜ ಇರಬಹುದು ಅಂತಲೇ ಓದಬೇಕು. ಮತ್ತೆ ಅದೇ ಒಂದು ಗಂಟೆ, ಮಲಗುವ ಮುಂಚಿನದು.

ಇನ್ನು ಮನುಷ್ಯರು ಯಾಕೆ ಬೇಕು ಅಂದರೆ, ಆ ಬಾಟ್ ನಿಮ್ಮ ಪ್ರಿಂಟರನ್ನು ಕಂಡಿಲ್ಲ. ಎಲ್ಲೋ ಯಾರೋ ಅಂಥ ಪ್ರಿಂಟರ್ ಜತೆ ಗುದ್ದಾಡಿ, ಸರಿಮಾಡಿ, ತೆರೆದ ಜಾಗದಲ್ಲಿ ಬರೆದಿಟ್ಟದ್ದನ್ನು ಓದಿಯೇ ಅದು ಕಲಿತದ್ದು. ನಾಳೆ ಬರುವ ಪ್ರಿಂಟರ್ ಬಗ್ಗೆ ಯಾರೂ ಬರೆಯದಿದ್ದರೆ ಅದಕ್ಕೂ ಗೊತ್ತಿರುವುದಿಲ್ಲ. ನಿಮ್ಮ ಮೂರು ಗಂಟೆಯಲ್ಲಿ ಅದು ಹೇಳಿದ್ದರಲ್ಲಿ ಎಷ್ಟು ಕೆಲಸ ಮಾಡಲಿಲ್ಲ, ಕೊನೆಗೆ ಯಾವುದು ಮಾಡಿತು ಅಂತ ಗೊತ್ತಿರುವುದು ನಿಮಗೊಬ್ಬರಿಗೇ. ಆ ಪ್ರಿಂಟರ್ ಯಾವ ಮಾಡೆಲ್? ಯಾವ ಲಿನಕ್ಸ್, ಯಾವ ಡ್ರೈವರ್? ಕೊನೆಗೆ ಬದಲಿಸಿದ ಸಾಲು ಯಾವುದು? ನಿಮ್ಮ ಪತ್ರದಲ್ಲಿ ಇದ್ಯಾವುದೂ ಇಲ್ಲ. ನೆನಪಿರುವಾಗಲೇ, ಇವತ್ತೇ ಸಂಜೆ, ಸರ್ಚ್‌ನಲ್ಲಿ ಸಿಗುವ ಕಡೆ ಎಲ್ಲಾದರೂ ಬರೆದು ಹಾಕಿ. ಖಾಲಿ ಪುಟ ಉಗುಳುವ ಇನ್ನೊಂದು ಪ್ರಿಂಟರ್ ಮುಂದೆ ಈಗಲೂ ಯಾರೋ ಕೂತಿರುತ್ತಾರೆ.